ಹಾಲವ್ವ ಗೊತ್ತು ಮಾಡಿದ ಕಾಂಟ್ರಾಕ್ಟರ್

ದಹಿಸರ್ ಪೂರ್ವದ ಆ ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗಿನಲ್ಲಿ ಕಕ್ಕಸಿಗೆ ಕೊಡೆ ಹಿಡಿದುಕೊಂಡು ಹೋಗುವವರು ಒಬ್ಬರೇ ಇದ್ದರು. ಅವರು ಮೊದಲ ಮಾಳಿಗೆಯ ದೂಜ ಪೂಜಾರಿಯವರು. ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಮೂವತ್ತೆಂಟು ವರ್ಷ ಕೂತು, ಆಫೀಸಿನ ಗಡಿಬಿಡಿಯಲ್ಲಿ ಬಂದ ಗಿರಾಕಿಗಳ ಬೈಗುಳವನ್ನೆಲ್ಲ ನಗುತ್ತಲೇ ಕೇಳಿಸಿಕೊಂಡ ಮನುಷ್ಯ. ಅಂಥವರ ನಗುವನ್ನು ಮೂರು ವರ್ಷದಲ್ಲಿ ಅಳಿಸಿ ಹಾಕಿದ್ದು ಅವರ ಬಾತ್‌ರೂಮಿನ ಚಾವಣಿಯಿಂದ ತೊಟ್ಟಿಕ್ಕುತ್ತಿದ್ದ ನೀರು. ಅದು ಮೂಲೆಗೆ ಬೀಳುತ್ತಿರಲಿಲ್ಲ, ಬಕೆಟ್ಟಿಗೂ ಬೀಳುತ್ತಿರಲಿಲ್ಲ. ಸರಿಯಾಗಿ ಅವರು ಕೂರುವ ಕಡೆಗೇ, ನಡುನೆತ್ತಿಗೇ ಬೀಳುತ್ತಿತ್ತು.

ನೀರು ಬರುತ್ತಿದ್ದದ್ದು ಮೇಲಿನ ಎರಡು ನೂರ ಮೂರನೆಯ ನಂಬರಿನಿಂದ. ಅಲ್ಲಿ ಯಾರೋ ಗುಮಾಸ್ತನೋ ರಿಕ್ಷಾ ಓಡಿಸುವವನೋ ಇದ್ದಿದ್ದರೆ ದೂಜ ಪೂಜಾರಿಯವರು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಅಲ್ಲಿದ್ದವನು ಶಿವಪುತ್ರ, ಮತ್ತು ಶಿವಪುತ್ರ ಗೌಂಡಿ. ಅದೂ ಬಾತ್‌ರೂಮಿಗೆ ಟೈಲ್ಸ್ ಕೂರಿಸುವುದರಲ್ಲಿ ಹೆಸರು ಮಾಡಿದ ಗೌಂಡಿ. ಇಂಡಿ ತಾಲೂಕಿನಿಂದ ಹದಿನೆಂಟನೆಯ ವಯಸ್ಸಿಗೆ ಬಂದು, ಕುರ್ಲಾದ ಚಾಳಿನಲ್ಲಿ ಇದ್ದುಕೊಂಡು, ಇಟ್ಟಿಗೆ ಹೊತ್ತು, ಸಿಮೆಂಟು ಕಲಸಿ, ಕೊನೆಗೆ ಕೈಗೆ ಗಾರೆ ಬಳಿಯುವ ಥಾಪಿ ಬಂದ ಮೇಲೆ ಹಿಂದೆ ತಿರುಗಿ ನೋಡಿರಲಿಲ್ಲ. ಬಾಂದ್ರಾದಿಂದ ಬೋರಿವಲಿಯವರೆಗೆ ಅವನು ಮಾಡಿದ ಯಾವ ಬಾತ್‌ರೂಮೂ ಒಂದು ಹನಿ ಸೋರಿದ ದೂರಿಲ್ಲ. ಸೋರುತ್ತಿದ್ದದ್ದು ಅವನದೊಂದೇ.

"ಶಿವಪುತ್ರರೇ, ಇವತ್ತು ನಿಮ್ಮಲ್ಲಿ ತಲೆಗೆ ಸ್ನಾನವಾ?" ಎಂದು ದೂಜ ಪೂಜಾರಿಯವರು ಒಂದು ರವಿವಾರ ಬೆಳಗ್ಗೆ ಮೇಲೆ ಬಂದು ಕೇಳಿದರು. ಒದ್ದೆ ಕೊಡೆ ಕೈಯಲ್ಲೇ ಇತ್ತು.

"ಹೂಂ ರಿ. ಯಾಕ್ರಿ?"

"ಎಂತ ಇಲ್ಲ. ನನಗೂ ಆಯಿತು. ಹಾಗೆ ಕೇಳಿದ್ದು."

ಶಿವಪುತ್ರ ಎದೆಯ ಮೇಲೆ ಕೈಯಿಟ್ಟು, "ಮುಂದಿನ ರವಿವಾರ ನೋಡ್ರಿ. ಗ್ಯಾರಂಟಿ," ಎಂದ. ಈ ಮಾತನ್ನು ಅವನು ಸುಳ್ಳು ಎಂದುಕೊಂಡು ಹೇಳುತ್ತಿರಲಿಲ್ಲ. ಪ್ರತಿ ಸಲವೂ ಮನಸ್ಸಿನಿಂದಲೇ ಹೇಳುತ್ತಿದ್ದ. ಆದರೆ ವಾರದ ಆರು ದಿನ ಊರ ಮಂದಿಯ ಬಾತ್‌ರೂಮಿನಲ್ಲಿ ಮೊಣಕಾಲೂರಿದವನಿಗೆ ಏಳನೆಯ ದಿನ ತನ್ನ ಬಾತ್‌ರೂಮಿನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು.

"ಮುಂದಿನ ರವಿವಾರ ಮುಂದಿನ ರವಿವಾರ ಹೇಳಿ ಮೂರು ವರ್ಷ ಆಯಿತು ಮಾರಾಯ್ರೆ," ಎಂದ ದೂಜ ಪೂಜಾರಿಯವರು ಜೇಬಿನಿಂದ ಒಂದು ಕಾಗದ ತೆಗೆದು, ಶಿವಪುತ್ರನ ಕೈಗೆ ಕೊಡದೆ ಅವನ ಹೆಂಡತಿ ಹಾಲವ್ವನ ಕೈಗೆ ಕೊಟ್ಟು ಇಳಿದು ಹೋದರು. ಸೊಸೈಟಿಯ ಸೆಕ್ರೆಟರಿಯ ನೋಟಿಸು. ಹದಿನೈದು ದಿನದೊಳಗೆ ಸೋರುವುದು ನಿಲ್ಲದಿದ್ದರೆ ಎರಡು ನೂರ ಮೂರರ ನಳ ಬಂದ್ ಎಂದು ಮರಾಠಿಯಲ್ಲಿ ಬರೆದು, ಸಂಶಯ ಉಳಿಯಬಾರದೆಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದರು.

ಹಾಲವ್ವ ಮನೆಮನೆಗೆ ಜೋಳದ ರೊಟ್ಟಿ ಮಾಡಿಕೊಡುವವಳು. ಅವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ರೊಟ್ಟಿ ಬಡಿಯುವ ಸದ್ದಿನಲ್ಲೇ ಬಿಲ್ಡಿಂಗಿಗೆಲ್ಲ ತಿಳಿಯುತ್ತಿತ್ತು. ಅವತ್ತಿನ ಸದ್ದಿಗೆ ಮೇಲಿನ ಮಾಳಿಗೆಯವರೂ ಕಿಟಕಿಯಿಂದ ಬಗ್ಗಿ ನೋಡಿದರು.

"ಮುಂದಿನ ರವಿವಾರ ನಾನ..." ಎಂದು ಶಿವಪುತ್ರ ಶುರು ಮಾಡಿದ.

"ನೀವು ಏನೂ ಮಾಡೂದು ಬ್ಯಾಡ್ರಿ," ಎಂದಳು ಹಾಲವ್ವ. "ನಾ ಒಬ್ಬ ಕಾಂಟ್ರಾಕ್ಟರ್‌ನ ಹುಡುಕ್ತೀನಿ. ನಂಬಿಗಸ್ತಂವನ್ನ. ನನ್ನ ರೊಟ್ಟಿ ರೊಕ್ಕದಾಗ."

ಗೌಂಡಿಯ ಮನೆಗೆ ಇನ್ನೊಬ್ಬ ಗೌಂಡಿ. ಶಿವಪುತ್ರನಿಗೆ ತನ್ನನ್ನು ಯಾರೋ ನಾಲ್ಕು ಮಂದಿಯ ನಡುವೆ ನಿಲ್ಲಿಸಿ ಅಂಗಿ ಬಿಚ್ಚಿಸಿದ ಹಾಗಾಯಿತು. ಬರುವ ಕಾಂಟ್ರಾಕ್ಟರನ್ನು ನೋಡಿಕೊಂಡರಾಯಿತು ಎಂದುಕೊಂಡ.

ಮೊದಲನೆಯವನು ಕೈಬೆರಳಿಗೆಲ್ಲ ಉಂಗುರ ಹಾಕಿಕೊಂಡು, ಬಣ್ಣಬಣ್ಣದ ಪುಸ್ತಕ ಹಿಡಿದುಕೊಂಡು ಬಂದ. ಬಾತ್‌ರೂಮಿನ ಬಾಗಿಲು ತೆಗೆದು ಕೂಡ ನೋಡದೆ, ಇಲ್ಲೊಂದು ಬಾತ್ ಟಬ್ ಇಟ್ಟರೆ ಮನೆಯ ಕಳೆಯೇ ಬೇರೆ ಎಂದ. ಬಾತ್‌ರೂಮು ಮೂರು ಅಡಿ ಅಗಲ, ಐದು ಅಡಿ ಉದ್ದ.

"ಟಬ್ ಇಟ್ಟ ಮ್ಯಾಲ ಬಾಗಿಲಾ ಹಚ್ಚೂದು ಹ್ಯಾಂಗ?" ಎಂದು ಶಿವಪುತ್ರ ಅಡುಗೆಕಟ್ಟೆಯ ಹಿಂದಿನಿಂದ ಕೇಳಿದ.

ಬಾಗಿಲು ತೆಗೆದುಬಿಡೋಣ ಎಂದ ಆ ಮಹಾನುಭಾವ. ಶಿವಪುತ್ರ ಮನೆಯ ಮುಂಬಾಗಿಲು ತೆಗೆದು ಅವನಿಗೆ ದಾರಿ ತೋರಿಸಿದ. ತೋರಿಸುವಾಗ ಆಡಿದ ಮಾತುಗಳು ಇಲ್ಲಿ ಬೇಡ.

ಎರಡನೆಯವನು ಬಡಕಲು ಮನುಷ್ಯ, ವಿನಯವೇ ವಿನಯ. ಏನು ಕೇಳಿದರೂ, ಆಗಿಬಿಡುತ್ತದೆ ಎಂಬರ್ಥದಲ್ಲಿ, "ಹೋ ಜಾಯೇಗಾ" ಎನ್ನುತ್ತಿದ್ದ. ಹಳೇ ಟೈಲ್ಸ್ ಒಡೆಯದೆ ಆಗುತ್ತದೆಯೇ? ಹೋ ಜಾಯೇಗಾ. ನಾಲ್ಕು ದಿನದಲ್ಲಿ? ಹೋ ಜಾಯೇಗಾ. ಹಾಲವ್ವನ ಮುಖ ಅರಳಿತು. ಶಿವಪುತ್ರನ ಮುಖ ಕೆಂಪೇರಿತು.

"ಮೋರಿ ಗ್ವಾಡಿ ಮ್ಯಾಲ ಮಾಡಿ, ನೀರು ತಾನ ಮ್ಯಾಲ ಹತ್ತಿ ಹೋಗೂವಂಗ ಮಾಡ್ತಿಯೇನು?" ಎಂದು ಹಿಂದಿಯಲ್ಲಿ ಕೇಳಿದ.

ಆತ ಒಂದು ಕ್ಷಣ ಚಾವಣಿ ನೋಡಿ, "ಹೋ ಜಾಯೇಗಾ," ಎಂದ.

ಶಿವಪುತ್ರ ತನ್ನ ರಸಮಟ್ಟವನ್ನು ಕೈಗೆತ್ತಿಕೊಂಡ. ಅದು ಮಟ್ಟ ನೋಡುವ ಸಾಧನ, ಹೊಡೆಯುವುದಕ್ಕಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ಎರಡು ಮಾಳಿಗೆ ಮೆಟ್ಟಿಲು ಇಳಿಯುವವರೆಗೆ, ಗೇಟು ದಾಟಿ ರಿಕ್ಷಾ ಸ್ಟ್ಯಾಂಡಿನವರೆಗೆ, ಆ ಬಡಕಲು ಮನುಷ್ಯನಿಗೆ ಅದನ್ನು ವಿಚಾರಿಸಿ ನೋಡುವ ಪುರಸತ್ತಾಗಲಿಲ್ಲ. ಬಿಲ್ಡಿಂಗಿನ ಮಂದಿ ಗ್ಯಾಲರಿಯಲ್ಲಿ ಸಾಲಾಗಿ ನಿಂತು ನೋಡಿದರು. ಸೆಕ್ರೆಟರಿ ಇನ್ನೊಂದು ನೋಟಿಸು ಬರೆಯಲೆಂದು ಕನ್ನಡಕ ಹುಡುಕಿದರು.

ಅಲ್ಲಿಗೆ ಹಾಲವ್ವ ಗಂಡನಿಗೆ ಯಾವುದನ್ನೂ ಹೇಳುವುದನ್ನೇ ಬಿಟ್ಟಳು. ಮಹಿಳಾ ಮಂಡಳದ ಹೆಂಗಸರನ್ನು ಕೇಳಿದಳು. ಮಾತು ನಂಬಬೇಡ, ಮಾಡಿದ ಕೆಲಸ ಕಣ್ಣಾರೆ ನೋಡು ಎಂದರು. ಎಲ್ಲವನ್ನೂ ಬರೆಸಿಕೋ ಎಂದರು. ಕಾಂಟ್ರಾಕ್ಟರ್ ಎಷ್ಟು ಒಳ್ಳೆಯವನಾದರೂ ಟೈಲ್ಸ್ ಕೂರಿಸುವವನು ಬೇರೆ ಇರುತ್ತಾನೆ, ಆ ಕೈ ಯಾರದು ಎಂದು ಕೇಳು ಎಂದರು. ಅವರಲ್ಲೊಬ್ಬರು ಒಬ್ಬ ಕಾಂಟ್ರಾಕ್ಟರ್ ಹುಡುಗನ ನಂಬರು ಕೊಟ್ಟರು. ಹಾಲವ್ವ ದೂಜ ಪೂಜಾರಿಯವರ ಹೆಂಡತಿ ಪ್ರಫುಲ್ಲಾಳನ್ನು ಕರೆದುಕೊಂಡು ಲೋಕಲ್ ಹತ್ತಿ, ಆ ಕಾಂಟ್ರಾಕ್ಟರ್ ಮಾಡಿಸಿದ ಬಾತ್‌ರೂಮು ನೋಡಲು ಕಾಂದಿವಲಿಗೆ ಹೋದಳು.

ಅಲ್ಲಿ ಅವಳು ಒಂದು ಮಗ್ಗು ನೀರು ನೆಲಕ್ಕೆ ಸುರಿದಳು. ನೀರು ಅತ್ತಿತ್ತ ನೋಡದೆ ಸೀದಾ ಮೋರಿಗೆ ಹೋಯಿತು. ಇನ್ನೊಂದು ಮೂಲೆಗೆ ಸುರಿದಳು. ಅದೂ ಹೋಯಿತು. ಆರನೆಯ ಮಗ್ಗಿನ ಹೊತ್ತಿಗೆ ಆ ಮನೆಯ ಯಜಮಾನಿ, ಚಹಾ ಮಾಡಲೋ ಅಥವಾ ಇನ್ನೊಂದು ಬಕೆಟ್ ತುಂಬಿಸಲೋ ಎಂದು ಕೇಳಿದಳಂತೆ.

ಸಂಜೆ ಹಾಲವ್ವ ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಗಂಡನ ಮೂಗಿನ ಮುಂದೆ ಹಿಡಿದಳು. "ನೋಡ್ರಿ. ಗೌಂಡಿ ಅಂದ್ರ ಇಂವಾ."

ಶಿವಪುತ್ರನ ಕನ್ನಡಕ ಗೂಟದ ಮೇಲಿತ್ತು. ತರಲು ಏಳಲಿಲ್ಲ. ಫೋಟೋದಲ್ಲಿ ಕನ್ನಡಿ, ದೀಪ, ಗಿಡದ ಕುಂಡ, ಮಡಚಿಟ್ಟ ಟವೆಲುಗಳು ಇದ್ದವು. ಅವುಗಳ ಹಿಂದೆ ಎಲ್ಲೋ ಟೈಲ್ಸೂ ಇದ್ದವು.

"ಇದಾ?" ಎಂದ. "ಸಂದು ನೆಟ್ಟಗಿಲ್ಲ. ಮೂಲಿ ಮುರದ ಕಾಣ್ತದ. ಆರು ತಿಂಗಳಿಗೆ ಎಲ್ಲಾ ಉದುರ್ತಾವ ಬರಕೊಂಡು ಇಟಗೋ. ಇದನ್ನ ಮಾಡಿದಂವಾ ಕತ್ತೆ ಕಾಯಾಕ ಹೋಗಬೇಕಾಗಿತ್ತು, ತಪ್ಪಿ ಥಾಪಿ ಹಿಡದಾನ."

ಹಾಲವ್ವ ಮೊಬೈಲು ಒಳಗಿಟ್ಟಳು. "ಯಾವನವಾ ಕಾಂಟ್ರಾಕ್ಟರ್? ಹೆಸರೇನು?" ಎಂದು ಅವನು ಕೇಳಿದರೆ, "ನೀವು ಅವನ್ನೂ ರಿಕ್ಷಾ ಸ್ಟ್ಯಾಂಡ್ ಮಟಾ ಓಡಿಸಾಕೇನು?" ಎಂದಳು. ಮರುದಿನ ಸಹಿ ಮಾಡಿ ಬಂದಳು. ಶುಕ್ರವಾರ ಕೆಲಸ ಶುರು, ಎಂಟು ದಿನ, ಅಷ್ಟು ದಿನವೂ ನೀವು ನಿಮ್ಮ ಕೆಲಸಕ್ಕೆ ಹೋಗಿ ಸಂಜೆಯೇ ಬರಬೇಕು ಎಂದು ಗಂಡನಿಗೆ ಹುಕುಂ ಆಯಿತು.

ಬುಧವಾರ ಶಿವಪುತ್ರ ಮಲಾಡಿನಲ್ಲಿ ಒಂದು ಗೋಡೆಯ ಮುಂದೆ ಸ್ಟೂಲಿನ ಮೇಲೆ ನಿಂತಿದ್ದ. ಕೆಳಗೆ ಸೋಮವ್ವ ಸಿಮೆಂಟು ಕಲಸುತ್ತಿದ್ದಳು. ಕುರ್ಲಾದ ಸೋಮವ್ವ ಹನ್ನೆರಡು ವರ್ಷದಿಂದ ಅವನ ಜೊತೆ ಕೆಲಸ ಮಾಡುವ ಹಿರಿಯ ಹೆಂಗಸು, ಮಾತು ಕಡಿಮೆ. ಅಷ್ಟರಲ್ಲಿ ಅವನ ಕಾಂಟ್ರಾಕ್ಟರ್ ರೋಶನ್‌ನ ಫೋನು ಬಂತು. ಎರಡು ವರ್ಷದಿಂದ ಶಿವಪುತ್ರನಿಗೆ ಕೆಲಸ ಕೊಡುತ್ತಿದ್ದವನು ಅವನೇ. ಕಾರ್ಕಳದ ಕಡೆಯವರ ಮಗ, ಹುಟ್ಟಿದ್ದು ಮುಂಬಯಿ, ಕನ್ನಡ ಬಾಯಿಗೆ ಅರ್ಧ ಬರುತ್ತಿತ್ತು. ಶಿವಪುತ್ರ ಮನೆಯಲ್ಲಿ ಅವನನ್ನು 'ನಮ್ಮ ಶೇಟ್' ಎನ್ನುತ್ತಿದ್ದನೇ ಹೊರತು ಹೆಸರು ಎತ್ತಿರಲಿಲ್ಲ.

"ಶಿವಾ ಭಾವೂ, ಒಂದು ಅರ್ಜೆಂಟ್ ಕಾಮ್ ಉಂಟು. ಛೋಟಾ ಬಾತ್‌ರೂಮ್. ಶುಕ್ರವಾರದಿಂದ. ದಹಿಸರ್ ಈಸ್ಟ್," ಎಂದ ರೋಶನ್. ಬಿಲ್ಡಿಂಗಿನ ಹೆಸರು ಹೇಳಿದ. "ಸೆಕೆಂಡ್ ಫ್ಲೋರ್, ದೋ ಸೌ ತೀನ್."

"ಇನ್ನೊಮ್ಮೆ ಹೇಳ್ರಿ," ಎಂದ ಶಿವಪುತ್ರ. ಗೋಡೆ ಹಿಡಿದುಕೊಂಡ.

"ದೋ ಸೌ ತೀನ್. ಕ್ಲೈಂಟ್ ಲೇಡಿ, ಬಹುತ್ ಸ್ಟ್ರಿಕ್ಟ್. ಅವರು ಕಾಂದಿವಲಿ ಹೋಗಿ ನೋಡಿ ಬಂದಾಯಿತು. ಓ ನಿಮ್ಮದೇ ಕಾಮ್ ಅಲ್ಲ, ಹೋದ ವರ್ಷದ್ದು? ಅದೇ ಮಿಸ್ತ್ರಿ ಬರಬೇಕು, ದೂಸರಾ ನಹೀ, ಹಾಗೆ ಎಗ್ರಿಮೆಂಟ್‌ನಲ್ಲಿ ಬರೆಸಿದ್ದಾರೆ. ಮತ್ತೆ ಭಾವೂ, ಅವರದ್ದು ಪತಿ ಒಬ್ಬ ಇದ್ದಾನೆ. ಥೋಡಾ ಕ್ರ್ಯಾಕ್. ಎರಡು ಕಾಂಟ್ರಾಕ್ಟರ್‌ಗೆ ಭಗಾಯಾ ಅವನು. ನೀವು ಅವನ ಸಂಗಡ ಮಾತೇ ಬೇಡ."

'ಅದು ನನ್ನ ಮನೆ' ಎಂದು ಶಿವಪುತ್ರ ಹೇಳಬಹುದಿತ್ತು. ಮೂರು ಮಾತು. ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನಿಗೆ ಒಂದೇ ಹೊತ್ತಿಗೆ ನಾಲ್ಕು ಸಿಟ್ಟು ಬಂದಿದ್ದವು. ತನ್ನನ್ನು ಬಿಟ್ಟು ತನ್ನ ಶೇಟನ್ನೇ ಹುಡುಕಿದ ಹೆಂಡತಿಯ ಮೇಲೆ, ತನ್ನ ಕೆಲಸವನ್ನು ತನ್ನದೆಂದು ತೋರಿಸಿಕೊಂಡು ತಿರುಗುವ ರೋಶನ್ ಮೇಲೆ, ಕ್ರ್ಯಾಕ್ ಎಂಬ ಮಾತಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಫೋಟೋದ ಮೇಲೆ. ಇಷ್ಟು ಸಿಟ್ಟು ಒಟ್ಟಿಗೆ ಬಂದಾಗ ಸುಲಭದ ಮಾತು ಬಾಯಿಗೆ ಬರುವುದಿಲ್ಲ. "ಆತು, ಬರ್ತೀನಿ," ಎಂದ. ಇಬ್ಬರನ್ನೂ ಒಂದೇ ಏಟಿಗೆ ನಾಚಿಸಬೇಕು ಎಂಬುದು ಅವನ ಲೆಕ್ಕ.

ಶುಕ್ರವಾರ ಎಂಟು ಗಂಟೆಗೆ ಎಂದಿನಂತೆ ಡಬ್ಬಿ ಹಿಡಿದು ಹೊರಟ. ಸ್ಟೇಷನ್ನಿನಲ್ಲಿ ಸೋಮವ್ವನನ್ನು ಇಳಿಸಿಕೊಂಡು ಹತ್ತಕ್ಕೆ ತಿರುಗಿ ಬಂದ. ಸೊಸೈಟಿಯಲ್ಲಿ ಸುತ್ತಿಗೆಯ ಸದ್ದಿಗೆ ಹತ್ತರಿಂದ ಒಂದು, ಮತ್ತೆ ಮೂರರಿಂದ ಆರು ಗಂಟೆಯವರೆಗೆ ಮಾತ್ರ ಪರವಾನಗಿ. ಗೇಟಿನಲ್ಲಿ ವಾಚ್‌ಮನ್ ತಡೆದ. ದಿನಾ ಸಲಾಮು ಹೊಡೆಯುವ ಅದೇ ವಾಚ್‌ಮನ್.

"ಥಾಪಿ, ಸುತ್ತಿಗೆ ತಂದವರೆಲ್ಲ ಕೆಲಸಗಾರರ ವಹಿಯಲ್ಲಿ ಬರೆಯಬೇಕು. ಸೆಕ್ರೆಟರಿ ಸಾಹೇಬರ ಆರ್ಡರ್," ಎಂದು ಹಿಂದಿಯಲ್ಲಿ ಹೇಳಿದ.

ಎಲ್ಲಿಂದ ಬಂದಿದ್ದು ಎಂಬ ಕಡೆ ಶಿವಪುತ್ರ 203 ಎಂದು ಬರೆದ. ಎಲ್ಲಿಗೆ ಎಂಬ ಕಡೆಯೂ 203 ಎಂದು ಬರೆದ. ವಾಚ್‌ಮನ್ ಎರಡನ್ನೂ ಬೆರಳಿಟ್ಟು ಓದಿ, ಸರಿಯಾಗಿದೆ ಎಂದು ಒಳಗೆ ಬಿಟ್ಟ.

"ಮಿಸ್ತ್ರಿ, ಇದು ನಿನ್ನ ಮನಿ ಇದ್ದ ಬಿಲ್ಡಿಂಗ್ ಅಲ್ಲೇನು?" ಎಂದಳು ಸೋಮವ್ವ ಮೆಟ್ಟಿಲು ಹತ್ತುತ್ತ.

"ಸುಮ್ಮನ ಬಾ."

ಗಂಟೆ ಒತ್ತಿದ. ಹಾಲವ್ವ ಬಾಗಿಲು ತೆರೆದಳು. "ಡಬ್ಬಿ ಮರತ್ರೇನು?" ಎನ್ನುತ್ತಲೇ ಅವನ ಕೈಯಲ್ಲಿ ಡಬ್ಬಿ ಕಂಡು ನಿಂತಳು.

"ಡಬ್ಬಿ ಮರತಿಲ್ಲ," ಎಂದ ಶಿವಪುತ್ರ. ಸ್ಟೇಷನ್ನಿನಿಂದ ಈ ಮಾತನ್ನು ತಿರುತಿರುಗಿಸಿ ತಯಾರು ಮಾಡಿಕೊಂಡು ಬಂದಿದ್ದ. "ರೋಶನ್ ಶೇಟ್ ಕಳಿಸ್ಯಾರ. ಬಾತ್‌ರೂಮಿನ ಕೆಲಸಕ್ಕ ಬಂದೀನಿ. ಕಾಂದಿವಲಿದು ನೋಡಿ ಬಂದೀಯಲ್ಲ, ಅದು ನಾ ಮಾಡಿದ್ದು."

ಅವಳು ನಾಚುತ್ತಾಳೆ, ತಲೆ ತಗ್ಗಿಸುತ್ತಾಳೆ, ತಪ್ಪಾತು ಎನ್ನುತ್ತಾಳೆ ಎಂದು ಅವನು ಕಾದ. ಹಾಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಿಂದೆ ನಿಂತ ಸೋಮವ್ವನನ್ನು ನೋಡಿದಳು. ಒಳಗೆ ಹೋಗಿ ಎಗ್ರಿಮೆಂಟಿನ ಕಾಗದ ತಂದಳು.

"ಕತ್ತೆ ಕಾಯಾಕ ಹೋಗಬೇಕಾಗಿದ್ದಂವಾ ನೀನ ಏನು?" ಎಂದಳು.

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಹಾಲವ್ವ ಗಂಡನಿಗೆ 'ನೀನು' ಅಂದದ್ದು ಇದೇ ಮೊದಲು. ಸೋಮವ್ವ ಗೋಡೆಯ ಕಡೆ ಮುಖ ತಿರುಗಿಸಿದಳು, ಅವಳ ಭುಜ ಮಾತ್ರ ಕುಲುಕುತ್ತಿತ್ತು.

"ಚಪ್ಪಲ್ ಹೊರಗ ಬಿಡು," ಎಂದಳು ಹಾಲವ್ವ. "ಫೋನ್ ಇಲ್ಲಿ ಇಡು. ಕೆಲಸದ ನಡುವ ಬ್ಯಾರೆ ಕಡೆ ಹೋಗೂದಿಲ್ಲಂತ ಬರಸೇನಿ. ತಂಬಾಕು ಬಾತ್‌ರೂಮಿನಾಗ ಉಗಳೂದಿಲ್ಲಂತ ಬರಸೇನಿ. ಶುರು ಮಾಡು."

ಬಾತ್‌ರೂಮಿನ ಬಾಗಿಲಿಗೆ ಎದುರಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೇಬಿಟ್ಟಳು.

ಸಿಟ್ಟಿನಿಂದ ಶಿವಪುತ್ರ ಮೊದಲ ಏಟಿಗೇ ನಾಲ್ಕು ಟೈಲ್ಸ್ ಉದುರಿಸಿದ. ಆ ಸಿಟ್ಟು ಕೆಲಸಕ್ಕೆ ಬಂತು. ಮೂರು ವರ್ಷ ಆಗದ ಒಡೆಯುವ ಕೆಲಸ ಒಂದು ದಿನದಲ್ಲಿ ಮುಗಿಯಿತು. ದಿನಾ ಸರಿಯಾಗಿ ಒಂದು ಗಂಟೆಗೆ ಹಾಲವ್ವ ಕುರ್ಚಿಯಿಂದೆದ್ದು, "ಕೈಕಾಲು ತೊಳಕೊಂಡು ಊಟಕ್ಕ ಬರ್ರಿ," ಎನ್ನುತ್ತಿದ್ದಳು. ಬಿಸಿ ರೊಟ್ಟಿ, ಪಲ್ಯೆ, ಮೇಲೆ ಒಂದು ತುತ್ತು ಹೆಚ್ಚೇ ಉಪಚಾರ. ಉಂಡು ಮಂಚದ ಮೇಲೆ ಅಡ್ಡಾದರೆ ಫ್ಯಾನು ಜೋರು ಮಾಡುತ್ತಿದ್ದಳು. ಮೂರು ಗಂಟೆಗೆ ಅದೇ ಬಾಯಿಂದ, "ಮಿಸ್ತ್ರಿ, ಏಳು," ಎನ್ನುತ್ತಿದ್ದಳು. ಒಂದರಿಂದ ಮೂರರವರೆಗೆ ಗಂಡ, ಉಳಿದ ಹೊತ್ತು ಕೂಲಿ. ಶಿವಪುತ್ರನಿಗೆ ಬರಬರುತ್ತ ಗಂಡನಾಗಿದ್ದಾಗಲೂ ಗಡಿಯಾರ ನೋಡುವ ಚಟ ಹತ್ತಿತು.

ಬಿಲ್ಡಿಂಗಿನ ಹೆಂಗಸರು ರೊಟ್ಟಿ ಒಯ್ಯುವ ನೆಪದಲ್ಲಿ ಬಂದು ಬಗ್ಗಿ ನೋಡಿ ಹೋದರು. ಮೂರನೆಯ ದಿನ ದೂಜ ಪೂಜಾರಿಯವರೇ ಬಂದರು. "ಇದೆಂತ, ನಿಮ್ಮ ಮನೆಯಲ್ಲಿ ನೀವೇ ಕೂಲಿಗೆ ಬಂದದ್ದಾ?" ಎಂದು ಕೇಳಿ, "ಅಂತೂ ರವಿವಾರ ಕೆಲಸ ಆಗ್ತಾ ಉಂಟಲ್ಲ, ಅಷ್ಟು ಸಾಕು ನನಗೆ," ಎಂದು ಹೋದರು. ಅಂದು ನಿಜವಾಗಿಯೂ ರವಿವಾರವಾಗಿತ್ತು. ಶಿವಪುತ್ರ ಥಾಪಿಯನ್ನು ಬಕೆಟ್ಟಿಗೆ ಒಗೆದ. ಹಾಲವ್ವ, "ಮಿಸ್ತ್ರಿ, ಸಾಮಾನು ಒಗೀಬ್ಯಾಡ," ಎಂದಳು.

ಐದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ರೋಶನ್ ಹೇಳದೆ ಕೇಳದೆ ಕೆಲಸ ನೋಡಲು ಬಂದ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದ. ಒಳಗೆ ಕಂಡ ದೃಶ್ಯಕ್ಕೆ ಅವನ ಕೈಯಲ್ಲಿದ್ದ ಹೆಲ್ಮೆಟ್ಟು ಜಾರಿತು. ಕ್ಲೈಂಟಿನ ಮಂಚದ ಮೇಲೆ, ಕ್ಲೈಂಟಿನ ತಲೆದಿಂಬಿನ ಮೇಲೆ, ಬನಿಯನ್ ಲುಂಗಿಯಲ್ಲಿ ಅವನ ಮಿಸ್ತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕ್ಲೈಂಟು ಪಕ್ಕದಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

"ಆಂಟಿ, ಮಾಫ್ ಮಾಡಿ," ಎಂದು ರೋಶನ್ ಕೈ ಮುಗಿದ. "ಇದಕ್ಕೆ ನಾನು ಈಗಲೇ ನಿಕಾಲ್ತೇನೆ. ದೂಸರಾ ಮಿಸ್ತ್ರಿ ಕಳಿಸ್ತೇನೆ. ಶಿವಾ ಭಾವೂ, ಉಠೋ. ಶರಮ್ ಇಲ್ಲ ನಿಮಗೆ?"

"ಮಕ್ಕೊಳ್ಳಿ ಬಿಡ್ರಿ," ಎಂದಳು ಹಾಲವ್ವ. "ಮೂರಕ್ಕ ಎಬ್ಬಸ್ತೀನಿ. ದಿನಾ ಮಕ್ಕೊಂತಾರ."

ರೋಶನ್ ಅವಳನ್ನು ನೋಡಿದ. ಮಂಚ ನೋಡಿದ. ಅವನ ಮುಖದ ಬಣ್ಣ ಬದಲಾಯಿತು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಧ್ವನಿ ತಗ್ಗಿಸಿ, "ಆಂಟಿ, ನಿಮ್ಮ ಹಸ್ಬಂಡ್ ಬಂದರೆ? ಅವನು ಮರ್ಡರ್ ಮಾಡ್ತಾನೆ. ಮೊದಲೇ ಕ್ರ್ಯಾಕ್," ಎಂದ. ಬಾತ್‌ರೂಮಿನ ಹೊಸ್ತಿಲಲ್ಲಿ ಚಹಾ ಕುಡಿಯುತ್ತಿದ್ದ ಸೋಮವ್ವನ ಮೂಗಿಗೆ ಚಹಾ ಹತ್ತಿತು.

ಅಷ್ಟರಲ್ಲಿ ಗಲಾಟೆ ಕೇಳಿ ದೂಜ ಪೂಜಾರಿಯವರು ಮೇಲೆ ಬಂದಿದ್ದರು. ರೋಶನ್ ಅವರ ತೋಳು ಹಿಡಿದು, "ಅಂಕಲ್, ಇವರ ಹಸ್ಬಂಡ್ ಎಷ್ಟು ಹೊತ್ತಿಗೆ ಬರ್ತಾನೆ?" ಎಂದು ಕೇಳಿದ.

"ಇನ್ನು ಬರುದು ಎಂತ," ಎಂದರು ದೂಜ ಪೂಜಾರಿಯವರು. "ಅಲ್ಲಿ ಮಲಗಿದ್ದು ಯಾರು ಮತ್ತೆ?"

ಆಗ ಎದ್ದು ಕೂತ ಶಿವಪುತ್ರನ ಕಿವಿಗೆ ಬಿದ್ದದ್ದು ಕ್ರ್ಯಾಕ್ ಎಂಬ ಒಂದೇ ಮಾತು. ಅವನು ಮಂಚದ ಮೇಲೇ ಎದ್ದು ನಿಂತ. ಚಾವಣಿಯ ಫ್ಯಾನು ತಿರುಗುತ್ತಿದ್ದುದರಿಂದ ಪೂರ್ತಿ ನಿಲ್ಲಲಾಗದೆ ಅರ್ಧ ಬಗ್ಗಿ ನಿಂತೇ ಬೈದ. ತನ್ನ ಕೈಯ ಕೆಲಸ ತೋರಿಸಿ ತನ್ನ ಹೆಂಡತಿಯ ರೊಕ್ಕ ತೆಗೆದುಕೊಂಡು ತನ್ನ ಮನೆಗೇ ತನ್ನನ್ನೇ ಕೂಲಿಗೆ ಕಳಿಸಿದ ಕಥೆಯನ್ನು ಊರಿಗೆಲ್ಲ ಕೇಳುವಂತೆ ಹೇಳಿದ.

ರೋಶನ್‌ಗೂ ಸಿಟ್ಟು ಏರಿತು. "ನೀವು ಬೋಲಾ ಯಾಕಿಲ್ಲ? ಬುಧವಾರ ಫೋನ್ ಮಾಡಿದಾಗ ಬಾಯಿ ಇರಲಿಲ್ಲವಾ? ಆಂಟಿ, ನೀವು ಆದರೂ ಹೇಳಬೇಕಿತ್ತು. ಪತಿಯ ಕೈಯಲ್ಲಿ ಮನೆ ಕೆಲಸ ಮಾಡಿಸಿ, ಮಜೂರಿ ನನ್ನ ಹತ್ತಿರ ಕೊಡಿಸೋದು, ಇದು ಯಾವ ಸೀಮೆಯ ನ್ಯಾಯ?"

"ನಾ ಕೊಟ್ಟಿದ್ರಾಗ ಅವರಿಗೆ ಕೊಡ್ತೀರಿ, ನಡುವ ನಿಮಗೂ ಉಳೀತದ. ನಿಮಗ್ಯಾಕ ಸಿಟ್ಟು?" ಎಂದಳು ಹಾಲವ್ವ.

"ಆ ನಡುವಿಂದು ನನಗ ಕೊಟ್ಟಿದ್ದರ ಮನ್ಯಾಗ ಉಳೀತಿತ್ತಲ್ಲ," ಎಂದು ಶಿವಪುತ್ರ ಮಂಚದ ಮೇಲಿಂದ ಕೂಗಿದ. "ಇಪ್ಪತ್ತಾರು ವರ್ಷ ಬಾಳೇ ಮಾಡಿ ನಿನಗ ನನ್ನ ಮ್ಯಾಲ ನಂಬಿಗಿ ಇಲ್ಲ. ಹೆಲ್ಮೆಟ್ ಹಿಡಕೊಂಡು ಬಂದಂವನ ಮ್ಯಾಲ ನಂಬಿಗಿ."

ಹಾಲವ್ವ ಸೊಪ್ಪಿನ ತಟ್ಟೆ ಕೆಳಗಿಟ್ಟಳು. ಇಷ್ಟು ದಿನ ಕುರ್ಚಿಯ ಮೇಲೆ ತಣ್ಣಗೆ ಕೂತಿದ್ದವಳ ಧ್ವನಿ ನಡುಗಿತು.

"ನಿಮ್ಮ ಕೈ ಚಲೋ ಐತಿ ಅಂತ ನಂಗ ಮದುವಿ ಆದಾಗಿಂದ ಗೊತ್ತೈತ್ರಿ. ಅದಕ್ಕ ಯಾರನ್ನೂ ಕಾಂದಿವಲಿಗೆ ಕಳಿಸಿ ಕೇಳಬೇಕಾಗಿಲ್ಲ. ನಿಮ್ಮ ಮಾತು ನಂಬಿ ಕುಂತಿದ್ದಕ್ಕ ಪೂಜಾರ್ಯಾರು ಮೂರು ವರ್ಷ ಕೊಡಿ ಹಿಡಕೊಂಡು ಕುಂತಾರ. ಮೆಟ್ಟಲದಾಗ ಅವರ ಮಾರಿ ನೋಡಾಕ ನಾಚಿ ನಾ ಅವರು ಹೋದ ಮ್ಯಾಲ ಇಳೀತೀನಿ. ನಿಮಗ ಹೇಳಿದ್ರ ರವಿವಾರ. ಆ ಹುಡುಗಗ ಹೇಳಿದ್ರ ಬರದು ಕೊಟ್ಟ, ಶುಕ್ರವಾರ ಅಂದ, ಶುಕ್ರವಾರ ಬಂತು. ಬಂದಂವ ನನ್ನ ಗಂಡ ಇದ್ರ ನಾ ಏನು ಮಾಡ್ಲಿ?"

ದೂಜ ಪೂಜಾರಿಯವರು ಕೆಮ್ಮಿ, ತಮಗೆ ಬಿದ್ದ ನೀರು ಅಷ್ಟೇನೂ ಜಾಸ್ತಿ ಇರಲಿಲ್ಲ ಎಂದು ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಿದರು. ಶಿವಪುತ್ರ ನಿಧಾನವಾಗಿ ಮಂಚದಿಂದ ಇಳಿದ. ಅವಳು ಹೇಳಿದ್ದೆಲ್ಲ ನಿಜವಾಗಿತ್ತು. ಅದಕ್ಕೂ ಸಿಟ್ಟು ಬಂತು.

ಹಾಲವ್ವ ಗಡಿಯಾರ ನೋಡಿದಳು. "ಇನ್ನೂ ಮೂರು ಆಗಿಲ್ಲ. ಎಲ್ಲಾರಿಗೂ ಚಾ ಮಾಡ್ತೀನಿ. ಎಗ್ರಿಮೆಂಟ್‌ದಾಗ ಇನ್ನೂ ಮೂರು ದಿವಸ ಅದಾವ. ಮಿಸ್ತ್ರಿನ್ನ ಬದಲು ಮಾಡೂವಂಗಿಲ್ಲ."

ಎಂಟನೆಯ ದಿನ ಕೆಲಸ ಮುಗಿಯಿತು. ಮೋರಿಗೆ ಬಟ್ಟೆ ತುರುಕಿ, ಬಾತ್‌ರೂಮಿನ ತುಂಬ ಗೇಣುದ್ದ ನೀರು ನಿಲ್ಲಿಸಿ, ಇಡೀ ಒಂದು ದಿನ ಹಾಗೆಯೇ ಬಿಟ್ಟರು. ಮರುದಿನ ಬೆಳಗ್ಗೆ ದೂಜ ಪೂಜಾರಿಯವರು ಕೊಡೆಯಿಲ್ಲದೆ ತಮ್ಮ ಕಕ್ಕಸಿನ ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಪ್ರಫುಲ್ಲಾ ಎರಡು ಸಲ ಬಾಗಿಲು ಬಡಿದು ಜೀವಂತವಾಗಿದ್ದೀರಾ ಎಂದು ವಿಚಾರಿಸಿದಳು. ಕೊನೆಗೆ ಮೇಲೆ ಬಂದು, "ಒಂದು ಹನಿ ಇಲ್ಲ. ಕೂತು ಪೇಪರ್ ಪೂರ್ತಿ ಓದಿದೆ," ಎಂದರು. ಶಿವಪುತ್ರ ಬನಿಯನ್ನು ನೆಟ್ಟಗೆ ಮಾಡಿಕೊಂಡು ಎದ್ದು ನಿಂತ. ಅವರು ಅವನನ್ನು ದಾಟಿ ಒಲೆಯ ಹತ್ತಿರ ಹೋಗಿ, "ಹಾಲವ್ವನವರೇ, ನಿಮ್ಮ ಕಾಂಟ್ರಾಕ್ಟರ್ ಭಾರೀ ಒಳ್ಳೆಯ ಜನ," ಎಂದು ಹೇಳಿ ಇಳಿದು ಹೋದರು.

ಅಂದಿನಿಂದ ಶಿವಪುತ್ರ ಕೆಲಸಕ್ಕೆ ಹೋಗಲಿಲ್ಲ. ಆ ಹೆಲ್ಮೆಟ್ಟಿನವನ ಕೆಲಸಕ್ಕಂತೂ ಈ ಜನ್ಮದಲ್ಲಿ ಹೋಗುವುದಿಲ್ಲ ಎಂದು ಸಾರಿದ. ಕುರ್ಲಾದಿಂದ ಸೋಮವ್ವ ಫೋನು ಮಾಡಿ, ಹಾಗಾದರೆ ತಾನು ಬೇರೆ ಕಡೆ ನೋಡಿಕೊಳ್ಳಲೇ ಎಂದು ಕೇಳಿದಳು. ಅವಳಿಗೂ ಬೈದ. ನಾಲ್ಕು ದಿನ ಮಂಚದ ಮೇಲೆ ಕಾಲು ಚಾಚಿ, ರೋಶನ್ ಫೋನು ಮಾಡಿದರೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಅರೆದ.

ಐದನೆಯ ದಿನ ಫೋನು ಬಂತು. "ಹಲೋ ಶಿವಾ ಭಾವೂ," ಎನ್ನುವಷ್ಟಕ್ಕೇ ಶಿವಪುತ್ರ ಶುರು ಮಾಡಿದ.

"ಏನೂ ಹೇಳಬ್ಯಾಡ್ರಿ. ನಾ ಬರೂದಿಲ್ಲ. ನೀವು ಕಾರ್ ಕಳಸ್ರಿ, ಬರೂದಿಲ್ಲ. ನಿಮ್ಮಪ್ಪನ್ನ ಕಾರ್ಕಳದಿಂದ ಕರಕೊಂಡು ಬರ್ರಿ, ಬರೂದಿಲ್ಲ. ನಾನಿಲ್ಲದ ನಿಮ್ಮ ಕಂಪನಿ ಹ್ಯಾಂಗ ನಡೀತದ ನಾನೂ ನೋಡ್ತೀನಿ. ಮುಂಬಯಿದಾಗ ಗೌಂಡಿಗೆ ಕೆಲಸ ಕಡಿಮಿ ಆಗಿಲ್ಲ. ನನ್ನಂಥಾ ಕೈ ನಿಮಗ ಎಲ್ಲಿ ಸಿಗತದ ಹುಡಕ್ರಿ ಹೋಗ್ರಿ."

ರೋಶನ್ ಪೂರ್ತಿ ಕೇಳಿಸಿಕೊಂಡ. ಉಸಿರು ತೆಗೆದುಕೊಳ್ಳಲು ಶಿವಪುತ್ರ ನಿಂತಾಗ, "ಭಾವೂ, ಹೋ ಗಯಾ? ಮುಗೀತಾ?" ಎಂದ. "ಫೋನ್ ಆಂಟಿಗೆ ಕೊಡಿ. ಅವರ ನಂಬರ್ ಲಗ್ತಾ ಇಲ್ಲ."

ಹಾಲವ್ವ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ರೋಶನ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ನಾನು ಬಂದು ನಿಂತು ನೋಡಬೇಕೇನು? ಪಗಾರ ಕೊಡ್ತೀರಾ?" ಎಂದಳು. ಮತ್ತೆ ಕೇಳಿಸಿಕೊಂಡಳು. "ಯಾವ ಸ್ಟೇಷನ್ರಿ? ... ಮೀರಾ ರೋಡ್ ಆದ್ರ ಹತ್ತರನ ಆತು. ರೊಟ್ಟಿ ಕೊಟ್ಟು ಹತ್ತಕ್ಕ ಬರ್ತೀನಿ. ... ಮಿಸ್ತ್ರಿ ಯಾರು?"

ಅವಳು ತಿರುಗಿ ಗಂಡನನ್ನು ನೋಡಿದಳು.

"ಇಲ್ರಿ, ಅವರು ಬರೂದಿಲ್ಲಂತ. ಈಗ ಹೇಳಿದ್ರಲ್ಲ, ನೀವೂ ಕೇಳಿದ್ರಿ. ಬ್ಯಾರೆ ಯಾರನ್ನರ ನೋಡ್ರಿ."

"ನಾ ಯಾವಾಗ ಬರೂದಿಲ್ಲ ಅಂದೆ?" ಎಂದ ಶಿವಪುತ್ರ, ಮೊದಲಿಗಿಂತ ಎರಡು ಪಟ್ಟು ಸಿಟ್ಟಿನಿಂದ.